ಒಂದೂವರೆಗೆ ಮುಚ್ಚುವ ಪೇಟೆ

ಸಮಿತಿಯವರು ಬರುವುದು ಹನ್ನೆರಡಕ್ಕೆ. ಒಂಬತ್ತೂವರೆಗೆಲ್ಲ ಸ್ಮಾರೋ ಕಚೇರಿಯಲ್ಲಿ ಕೂತು, ಸಾವಿರ ಸಲ ನೋಡಿದ್ದ ಗ್ರಾಫನ್ನೇ ಮತ್ತೆ ತೆರೆದು ನೋಡುತ್ತಿದ್ದಳು. ಪರೀಕ್ಷೆಯ ಬಾಗಿಲಲ್ಲಿ ನಿಂತು ಪುಸ್ತಕ ತಿರುವಿಹಾಕುವ ಮಕ್ಕಳನ್ನು ನೋಡಿದ್ದೀರಲ್ಲ, ಅವರು ಓದುವುದಿಲ್ಲ, ಕೈ ನಡುಕ ಮುಚ್ಚಿಕೊಳ್ಳುತ್ತಿರುತ್ತಾರೆ. ಇವಳದೂ ಅದೇ ಪಾಡು.

ಗ್ರಾಫ್ ಮಾತ್ರ ಕಣ್ಣಿಗೆ ಹಬ್ಬವಾಗಿತ್ತು. ಅಥೆನ್ಸಿನ ಷೇರುಪೇಟೆಯೂ ಫ್ರಾಂಕ್‌ಫರ್ಟಿನ ಷೇರುಪೇಟೆಯೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ ಎಂಬುದರ ಅಳತೆ ಅದು. ಸೊನ್ನೆ ಎಂದರೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ, ನೂರು ಎಂದರೆ ಒಂದೇ ಜೀವ. ಎಡಗಡೆ, ತೊಂಬತ್ತರ ದಶಕದಲ್ಲಿ, ಗೆರೆ ಇಪ್ಪತ್ತನಾಲ್ಕರಲ್ಲಿ ತೆವಳುತ್ತಿತ್ತು. ಆಮೇಲೆ ಒಂದು ಮೆಟ್ಟಿಲು ಹತ್ತಿತು. ಕೆಲವು ತಿಂಗಳು ಸುಧಾರಿಸಿಕೊಂಡು ಇನ್ನೊಂದು ಮೆಟ್ಟಿಲು ಹತ್ತಿ ಅರವತ್ತಮೂರಕ್ಕೆ ಹೋಗಿ ನಿಂತಿತು. ಮೊದಲನೆಯ ಮೆಟ್ಟಿಲು ಯುರೋಪಿಗೆಲ್ಲ ಒಂದೇ ನಾಣ್ಯ ಬರುತ್ತದೆಂಬ ನಂಬಿಕೆ, ಎರಡನೆಯದು ನಾಣ್ಯ ಬಂದೇಬಿಟ್ಟದ್ದು ಎಂದು ಈ ಅಧ್ಯಯನದ ಮುಖ್ಯಸ್ಥರಾದ ಪ್ರೊಫೆಸರ್ ಥ್ರಾಸೋಸ್ ಗಲಾನಿಸ್ ಹದಿನಾಲ್ಕು ಊರುಗಳಲ್ಲಿ ಭಾಷಣ ಮಾಡಿದ್ದರು. ಹದಿನಾಲ್ಕು ಊರಿನಲ್ಲೂ ಚಪ್ಪಾಳೆ ಬಿದ್ದಿತ್ತು.

ಹಣ ಮಂಜೂರು ಮಾಡುವ ಇವತ್ತಿನ ಸಮಿತಿ ತಲೆಯಾಡಿಸಿದರೆ ಅಧ್ಯಯನ ಇನ್ನು ಮೂರು ವರ್ಷ ಮುಂದುವರಿಯುತ್ತದೆ, ಯುರೋಪಿನ ಹನ್ನೊಂದು ಪೇಟೆಗಳಿಗೆ ಹಬ್ಬುತ್ತದೆ. ತಲೆಯಾಡಿಸದಿದ್ದರೆ ಜೂನ್ ಮೂವತ್ತಕ್ಕೆ ಆರು ಜನರ ಕೆಲಸ ಮುಗಿಯುತ್ತದೆ. ಆ ಆರರಲ್ಲಿ ಸ್ಮಾರೋ ಒಬ್ಬಳು. ಮೂವತ್ತಾರು ವರ್ಷ ವಯಸ್ಸು. ಪೇಟೆ ಪೇಟೆಗಳ ನಡುವಿನ ನಂಟನ್ನು ಅಳೆಯುವುದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಈ ಅಥೆನ್ಸಿನಲ್ಲಿ ಕಾಫಿ ಅಂಗಡಿಯ ಲೋಟ ತೊಳೆಯುವುದಕ್ಕೂ ಡಾಕ್ಟರೇಟ್ ಆದವರೇ ಸಾಲು ನಿಂತಿರುವಾಗ ಅವಳನ್ನು ಯಾರು ಕೇಳುತ್ತಾರೆ?

ಬಾಗಿಲು ತಟ್ಟಿ ಒಳಗೆ ಬಂದವನು ಅವಳ ಅಪ್ಪ ಪನಾಗಿಸ್. ಎಪ್ಪತ್ತೆಂಟರ ಮುದುಕ, ಮದುವೆಗೆ ಹೊರಟವನ ಹಾಗೆ ಕೋಟು ತೊಟ್ಟಿದ್ದ. ಕೈಯಲ್ಲಿ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡಿನ ಪೊಟ್ಟಣ.

"ಅಪ್ಪ! ಮೂರು ಮಹಡಿ ಹತ್ತಿಕೊಂಡು ಯಾಕೆ ಬಂದೆ?"

"ಮಗಳು ದೊಡ್ಡೋರ ಮುಂದೆ ಮಾತಾಡ್ತಾಳೆ, ಅಪ್ಪ ಮನೇಲಿ ಗಿಡಕ್ಕೆ ನೀರು ಹಾಕ್ಕೊಂಡು ಕೂತಿರಬೇಕಾ? ಮೊದ್ಲು ಇದನ್ನ ತಿನ್ನು. ಮಂಗಳವಾರ ಬೇರೆ. ಮಂಗಳವಾರ ಶುಭಕಾರ್ಯ ಬೇಡ ಅಂತ ನಿಮ್ಮ ಪ್ರೊಫೆಸರ್‌ಗೆ ಹೇಳೋರು ಯಾರೂ ಇರ್ಲಿಲ್ವಾ?"

"ಸಮಿತಿಯೋರು ಹಾಲೆಂಡಿಂದ ಬರ್ತಾರಪ್ಪ. ಅವರಿಗೆ ಎಲ್ಲಾ ವಾರಾನೂ ಒಂದೇ."

"ಅದಕ್ಕೇ ಅಲ್ಲಿ ಬಿಸಿಲಿಲ್ಲ."

ಸ್ಮಾರೋ ನಕ್ಕಳು. ಬೆಳಗಿನಿಂದ ಮೊದಲ ಸಲ. ಅಪ್ಪ ಮೂವತ್ತೊಂದು ವರ್ಷ ಸೊಫೊಕ್ಲಿಯೂಸ್ ಬೀದಿಯ ಹಳೆಯ ಷೇರುಪೇಟೆಯಲ್ಲೇ ದುಡಿದವನು. ಮೊದಲು ಹಲಗೆಯ ಮೇಲೆ ಬೆಲೆ ಬರೆಯುತ್ತಿದ್ದ. ಹಲಗೆ ಹೋಗಿ ಪರದೆ ಬಂದ ಮೇಲೆ ದಿನದ ಮುಕ್ತಾಯದ ಬೆಲೆಗಳ ಪಟ್ಟಿಯನ್ನು ತಾಳೆ ನೋಡಿ ಹೊರಗೆ ಅಂಟಿಸುತ್ತಿದ್ದ. ಅಷ್ಟು ವರ್ಷದಲ್ಲಿ ಒಂದೇ ಒಂದು ಅಂಕಿ ತಪ್ಪಿಲ್ಲ ಎನ್ನುವುದು ಅವನ ಜಂಬ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಅದನ್ನು ಹೇಳದೆ ಇಳಿಯುತ್ತಿರಲಿಲ್ಲ.

"ಏನಿದು, ಕತ್ತೆ ಗುಡ್ಡ ಹತ್ತಿದ ಹಾಗಿದೆ?" ಎಂದು ಅಪ್ಪ ಪರದೆಗೆ ಮುಖ ಹತ್ತಿರ ಮಾಡಿದ.

ಅವಳು ಸರಳವಾಗಿ ಹೇಳಿದಳು. ನಿಮ್ಮ ಪೇಟೆ, ಫ್ರಾಂಕ್‌ಫರ್ಟಿನ ಪೇಟೆ. ಮೊದಲು ದೂರ, ಆಮೇಲೆ ಹತ್ತಿರ. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಇಸವಿ ತಿಂಗಳುಗಳನ್ನು ಓದಿದ. ಬೆರಳನ್ನು ಮೊದಲ ಮೆಟ್ಟಿಲಿನ ಬುಡಕ್ಕೆ ಇಟ್ಟ.

"ಇದು ಎರಡೂವರೆ," ಎಂದ. ಬೆರಳು ಎರಡನೆಯ ಮೆಟ್ಟಿಲಿಗೆ ಸರಿಯಿತು. "ಇದು ನಾಲ್ಕು."

"ಏನು ಎರಡೂವರೆ?"

"ಬಾಗಿಲು ಮುಚ್ತಾ ಇದ್ದದ್ದು ಕಣೇ. ಮೊದ್ಲು ಒಂದೂವರೆಗೆ ಗಂಟೆ ಹೊಡೆಯೋದು. ಪಟ್ಟಿ ಅಂಟಿಸಿ ಎರಡೂಕಾಲಿಗೆ ಮನೇಲಿರ್ತಿದ್ದೆ. ಉಂಡು ಒಂದು ನಿದ್ದೆ. ಆಮೇಲೆ ಇಲ್ಲಿ, ಈ ತಿಂಗಳು, ಎರಡೂವರೆ ಮಾಡಿದ್ರು. ಇಲ್ಲಿ ನಾಲ್ಕು. ಅವತ್ತು ನಿಮ್ಮಮ್ಮ ತಟ್ಟೆ ಕುಕ್ಕಿ, 'ಇನ್ಮೇಲೆ ಫ್ರಾಂಕ್‌ಫರ್ಟಿಗೇ ಹೋಗಿ ಉಣ್ಣಿ' ಅಂದ್ಲು. ನಿಂಗೆ ನೆನಪಿಲ್ವಾ? ನೀನೇ ಅತ್ತಿದ್ದೆ, ಅಪ್ಪ ಇಲ್ದೆ ಉಣ್ಣಲ್ಲ ಅಂತ."

ನೆನಪಿತ್ತು. ಎಲ್ಲವೂ ನೆನಪಿತ್ತು. ಬೇಳೆ ಸಾರಿನ ಬಿಸಿ, ಮುಚ್ಚಿದ ಕಿಟಕಿ, ಅಪ್ಪನ ಗೊರಕೆ, ಸದ್ದು ಮಾಡಬೇಡ ಎನ್ನುತ್ತಿದ್ದ ಅಮ್ಮ.

ಅವರ ಲೆಕ್ಕವೆಲ್ಲ ನಿಂತಿದ್ದು ದಿನದ ಮುಕ್ತಾಯದ ಬೆಲೆಯ ಮೇಲೆ. ಸೋಮವಾರಕ್ಕೆ ಸೋಮವಾರ, ಮಂಗಳವಾರಕ್ಕೆ ಮಂಗಳವಾರ. ಕೊಂಡುತಂದ ಪಟ್ಟಿಯಲ್ಲಿ ದಿನಾಂಕದ ಕಾಲಮ್ಮು ಇತ್ತು, ಗಂಟೆಯ ಕಾಲಮ್ಮು ಇರಲಿಲ್ಲ. ಟೋಕಿಯೊವನ್ನೂ ನ್ಯೂಯಾರ್ಕನ್ನೂ ಹೋಲಿಸುವಾಗ ಗಂಟೆ ನೋಡಬೇಕು ಎಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಅಥೆನ್ಸ್ ಮತ್ತು ಫ್ರಾಂಕ್‌ಫರ್ಟಿಗೆ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಒಂದೇ ಖಂಡ, ಒಂದು ಗಂಟೆಯ ಅಂತರ, ಏನು ಮಹಾ? ಆದರೆ ಅಥೆನ್ಸ್ ಒಂದೂವರೆಗೆ ಬಾಗಿಲೆಳೆದು ಊಟಕ್ಕೆ ಹೋದ ಮೇಲೂ ಫ್ರಾಂಕ್‌ಫರ್ಟ್ ಇಡೀ ಮಧ್ಯಾಹ್ನ ವ್ಯಾಪಾರ ಮಾಡುತ್ತಿತ್ತು. ಅಷ್ಟರಲ್ಲಿ ಅಮೆರಿಕ ಎದ್ದು ಬಾಗಿಲು ತೆರೆಯುತ್ತಿತ್ತು. ಆ ಮಧ್ಯಾಹ್ನ ಬಂದ ಸುದ್ದಿ ಫ್ರಾಂಕ್‌ಫರ್ಟಿನ ಮಂಗಳವಾರಕ್ಕೆ ಸೇರಿದರೆ ಅಥೆನ್ಸಿನ ಬುಧವಾರಕ್ಕೆ ಸೇರುತ್ತಿತ್ತು. ಮಂಗಳವಾರಕ್ಕೆ ಮಂಗಳವಾರ ಹೋಲಿಸಿದರೆ ಇಬ್ಬರೂ ಅಪರಿಚಿತರಂತೆ ಕಾಣದೆ ಇನ್ನೇನು? ಬಾಗಿಲು ಮುಚ್ಚುವ ಹೊತ್ತು ಮುಂದಕ್ಕೆ ಹೋದ ಹಾಗೆಲ್ಲ ಇಬ್ಬರೂ ನೆಂಟರಾದರು. ಪೇಟೆಗಳು ಹತ್ತಿರ ಬಂದಿರಲಿಲ್ಲ, ಗಡಿಯಾರಗಳು ಬಂದಿದ್ದವು.

"ಅಪ್ಪ, ಆ ತಿಂಗಳು ಗ್ಯಾರಂಟಿನಾ?"

"ನನ್ನನ್ನ ಕೇಳ್ತೀಯಾ?" ಅಪ್ಪನಿಗೆ ಸಿಟ್ಟೇ ಬಂತು. "ಮೂವತ್ತೊಂದು ವರ್ಷ! ಒಂದು ಅಂಕಿ ತಪ್ಪಿಲ್ಲ!"

ಹತ್ತು ಗಂಟೆಯಾಗಿತ್ತು. ಬೇರೊಂದು ಕೆಲಸಕ್ಕೆಂದು ತಂದಿಟ್ಟಿದ್ದ ಫ್ರಾಂಕ್‌ಫರ್ಟಿನ ಗಂಟೆಗಂಟೆಯ ಬೆಲೆಗಳು ಅವಳ ಬಳಿ ಇದ್ದವು. ಅಥೆನ್ಸ್ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿನ ಬೆಲೆ ಎಷ್ಟಿತ್ತೋ ಅದನ್ನೇ ಎತ್ತಿ, ಅಪ್ಪ ಹೇಳಿದ ತಿಂಗಳುಗಳ ಪ್ರಕಾರ ಹೊತ್ತು ಬದಲಾಯಿಸಿ, ಲೆಕ್ಕವನ್ನು ಮತ್ತೆ ಓಡಿಸಿದಳು. ಬೆರಳುಗಳು ತಪ್ಪು ಕೀಲಿ ಒತ್ತುತ್ತಿದ್ದವು. ಅಳಿಸಿ ಮತ್ತೆ ಒತ್ತಿದಳು. ಅಪ್ಪ ಮೂಲೆಯ ಕುರ್ಚಿಯಲ್ಲಿ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಹನ್ನೊಂದೂಕಾಲಿಗೆ ಹೊಸ ಗೆರೆ ಮೂಡಿತು. ನಲವತ್ತೊಂಬತ್ತರಲ್ಲಿ ಹುಟ್ಟಿ ಅರವತ್ತಮೂರಕ್ಕೆ ನಿಧಾನವಾಗಿ ನಡೆದು ಹೋಗಿತ್ತು. ಮೆಟ್ಟಿಲುಗಳು ಮಾಯ.

ಈ ಗೆರೆಯನ್ನು ಅವಳು ಮೊದಲೇ ನೋಡಿದ್ದಳು. ಫೆಬ್ರವರಿಯಲ್ಲಿ ದಿನದ ಬದಲು ವಾರದ ಬೆಲೆಗಳನ್ನಿಟ್ಟು ಸುಮ್ಮನೆ ಒಮ್ಮೆ ಲೆಕ್ಕ ಹಾಕಿದ್ದಳು. ವಾರವೆಂದರೆ ಅರ್ಧ ದಿನದ ವ್ಯತ್ಯಾಸ ನುಂಗಿಹೋಗುತ್ತದೆ, ಹಾಗಾಗಿ ಗೆರೆ ಹೀಗೇ ಮಲಗಿಕೊಂಡು ಬಂದಿತ್ತು. ಅಂಕಿಗಳು ಕಡಿಮೆ, ನಂಬುವಂಥದ್ದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬದಿಗೆ ಸರಿಸಿದ್ದಳು. ಸತ್ಯ ಮನೆ ಬಾಗಿಲಿಗೆ ಬಂದು ನಿಂತಾಗ ಯಾರೂ ಇಲ್ಲ ಎಂದು ಕಳಿಸಿದ್ದಳು. ನಾಚಿಕೆಯಿಂದ ಅವಳ ಕಿವಿ ಸುಟ್ಟಿತು.

ಪ್ರೊಫೆಸರ್ ಕಾರಿಡಾರಿನಲ್ಲಿ ಸಿಕ್ಕಿದರು. ಟೈ ಕಟ್ಟಿಕೊಳ್ಳುತ್ತ ಬರುತ್ತಿದ್ದವರು ಅವಳ ಮುಖ ನೋಡಿ ನಿಂತರು. ಹಳೆಯ ಗೆರೆ, ಹೊಸ ಗೆರೆ, ಎರಡರ ಹಾಳೆಗಳನ್ನೂ ಅವಳು ಮುಂದೆ ಹಿಡಿದಳು. ಅವರಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. "ಮುಚ್ಚೋ ಹೊತ್ತು" ಎಂಬ ಎರಡೇ ಮಾತಿಗೆ ಅವರ ಕೈ ಟೈ ಮೇಲೇ ನಿಂತಿತು.

"ಯಾರು ಹೇಳಿದ್ದು ಈ ಹೊತ್ತನ್ನ?"

"ನಮ್ಮಪ್ಪ." ಅವಳ ಹಿಂದೆ ಬಾಗಿಲಲ್ಲಿ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಪ್ರೊಫೆಸರ್ ಅಪ್ಪನ ಕಡೆ ನೋಡಲಿಲ್ಲ. ದನಿ ತಗ್ಗಿಸಿದರು. "ನೋಡಮ್ಮ ಸ್ಮಾರೋ, ಮುಚ್ಚಿಡು ಅಂತ ನಾನು ಹೇಳ್ತಿಲ್ಲ. ಇವತ್ತು ಬೇಡ ಅಂತಿದ್ದೀನಿ, ಅಷ್ಟೇ. ಮೂರು ವರ್ಷ ಸಿಗಲಿ, ಮೊದಲನೇ ತಿಂಗಳೇ ಸರಿಮಾಡೋಣ."

"ಸುಳ್ಳು ಗೆರೆ ತೋರಿಸಿ ಮೂರು ವರ್ಷ ತಗೊಳ್ಳೋದಾ ಸಾರ್?"

"ಸುಳ್ಳು ಅನ್ನಬೇಡ! ಗೊತ್ತಿಲ್ದೆ ಮಾಡಿದ್ದು ಸುಳ್ಳಲ್ಲ."

"ಈಗ ಗೊತ್ತಾಗಿದೆಯಲ್ಲ ಸಾರ್. ಮತ್ತೆ ಇನ್ನೊಂದು. ಫೆಬ್ರವರೀಲೇ ವಾರದ ಲೆಕ್ಕ ಚಪ್ಪಟೆ ಬಂದಿತ್ತು. ನಾನು ನಿಮಗೆ ತೋರಿಸ್ಲಿಲ್ಲ."

"ಯಾಕೆ?"

"ನೋಡೋಕೆ ಚೆನ್ನಾಗಿರ್ಲಿಲ್ಲ."

ಪ್ರೊಫೆಸರ್ ಗೋಡೆಗೆ ಒರಗಿದರು. ಅರವತ್ತನಾಲ್ಕರ ಮನುಷ್ಯ ಒಂದು ಕ್ಷಣದಲ್ಲಿ ಅಪ್ಪನಿಗಿಂತ ಮುದುಕನಾಗಿ ಕಂಡರು. "ಇಪ್ಪತ್ತು ವರ್ಷ ಈ ಗೆರೆ ಮೇಲೆ ಕೂತಿದ್ದೀನಮ್ಮ," ಎಂದರು. ತಕ್ಷಣವೇ ದನಿ ಏರಿತು. "ನನ್ನದು ಬಿಡು, ನಾನು ನಾಳೆ ಪಿಂಚಣಿಗೆ ಹೋಗೋನು. ನಮ್ಮ ತಂಡದ ಅಕ್ರಿವೋಸ್‌ಗೆ ಅವಳಿ ಹುಟ್ಟಿ ಎರಡು ತಿಂಗಳಾಗಿಲ್ಲ. ಆರು ಮನೆ ಸ್ಮಾರೋ! ಅದರಲ್ಲಿ ನಿಮ್ಮನೆನೂ ಒಂದು! ಒಬ್ಬ ಮುದುಕನ ಊಟದ ನೆನಪಿಗೋಸ್ಕರ ಆರು ಮನೆ ಒಲೆ ಆರಿಸ್ತೀಯಾ?"

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಟೋಪಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅಷ್ಟರಲ್ಲಿ ಕೆಳಗಡೆ ಟ್ಯಾಕ್ಸಿಯ ಬಾಗಿಲುಗಳು ಬಡಿದುಕೊಂಡ ಸದ್ದು ಬಂತು.

ಸಭೆಯ ಕೋಣೆ ಚಿಕ್ಕದು. ಮೇಜಿನ ಆ ಕಡೆ ಸಮಿತಿಯ ಮೂವರು. ನಡುವೆ ಕೂತವಳು ಅಧ್ಯಕ್ಷೆ ಮಾರೈಕೆ ಫಾಸನ್, ನರೆಗೂದಲಿನ ನೆಟ್ಟಗಿನ ಹೆಂಗಸು. ಅಕ್ಕಪಕ್ಕ ಒಬ್ಬ ಸ್ವೀಡನ್ನಿನವನು, ಒಬ್ಬ ಐರ್ಲೆಂಡಿನವನು. ಮಾತೆಲ್ಲ ಇಂಗ್ಲಿಷಿನಲ್ಲಿ. ಪ್ರೊಫೆಸರ್ ಮೇಜಿನ ತುದಿಯಲ್ಲಿ. ಅಪ್ಪನನ್ನು ಮನೆಗೆ ಕಳಿಸಲು ಸ್ಮಾರೋಗೆ ಬಾಯಿ ಬರಲಿಲ್ಲ. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ, ಇಂಗ್ಲಿಷಿನ ಒಂದಕ್ಷರ ಬಾರದಿದ್ದರೂ, ಚರ್ಚಿನಲ್ಲಿ ಕೂತಷ್ಟು ಗಂಭೀರವಾಗಿ ಕೂತಿದ್ದ. ಆ ಕೋಣೆಯಲ್ಲಿ ಗ್ರೀಕ್ ಬಲ್ಲವರು ಅಪ್ಪ, ಮಗಳು, ಪ್ರೊಫೆಸರ್ ಮೂವರೇ.

ಸ್ಮಾರೋ ಒಂದೊಂದೇ ಪುಟ ದಾಟಿಸುತ್ತ ಮಾತಾಡಿದಳು. ನಾಲ್ಕನೆಯ ಪುಟ, ಐದನೆಯ ಪುಟ. ಆರನೆಯದರಲ್ಲಿ ಆ ಗ್ರಾಫ್ ಬಂತು.

"ಇದನ್ನ ನೋಡೋಕೇ ನಾವು ಬಂದಿದ್ದು," ಎಂದು ಫಾಸನ್ ನಕ್ಕಳು.

ಇಲ್ಲಿ ಸುಮ್ಮನೆ ಏಳನೆಯ ಪುಟಕ್ಕೆ ಹೋಗಿಬಿಡಬಹುದಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ಪ್ರೊಫೆಸರ್ ಮೇಜು ನೋಡುತ್ತಿದ್ದರು. ಸ್ಮಾರೋ ಗುಂಡಿ ಒತ್ತಲಿಲ್ಲ.

"ಈ ಗೆರೆ ತಪ್ಪು," ಎಂದಳು.

ಆಮೇಲೆ ಮಾತು ತಾನಾಗಿ ಬಂತು. ಒಂದೂವರೆ, ಎರಡೂವರೆ, ನಾಲ್ಕು. ಎಂಟು ನಿಮಿಷದಲ್ಲಿ ಮುಗಿಸಿದಳು. ಫೆಬ್ರವರಿಯ ಲೆಕ್ಕವನ್ನೂ ಬಿಡಲಿಲ್ಲ. ಹೊಸ ಗೆರೆಯ ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು. ಐರ್ಲೆಂಡಿನವನು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದ.

"ಈ ಹೊತ್ತುಗಳಿಗೆ ದಾಖಲೆ?" ಎಂದು ಕೇಳಿದ ಸ್ವೀಡನ್ನಿನವನು.

"ಹಳೇ ಪತ್ರಿಕೆಗಳನ್ನ ತೆಗೆಸಿ ನೋಡ್ಬೇಕು. ಎರಡು ದಿನ ಆಗುತ್ತೆ. ಈಗ ಇರೋದು ಒಬ್ಬರ ಮಾತು. ಅಲ್ಲೇ ಕೆಲಸ ಮಾಡಿದೋರು, ನಮ್ಮ ತಂದೆ."

"ಅಂದ್ರೆ ಒಬ್ಬರ ನೆನಪು."

ಫಾಸನ್ ಪೆನ್ನು ಕೆಳಗಿಟ್ಟಳು. "ಎರಡು ದಿನ ನಮ್ಮ ಹತ್ರ ಇಲ್ಲ. ಇವತ್ತು ಸಂಜೆ ನಾವು ಬರೆದು ಕಳಿಸ್ಬೇಕು. ಬರೀ ಅನುಮಾನ ಅಂದ್ರೆ ಒಂದು ಅಡಿಟಿಪ್ಪಣಿ ಹಾಕಿ ಮುಂದುವರೀರಿ ಅಂತ ಬರೀಬಹುದು. ಹೊತ್ತು ಖಚಿತ ಅಂದ್ರೆ ನಾನು ಇದಕ್ಕೆ ಸಹಿ ಹಾಕೋಕಾಗಲ್ಲ, ಥ್ರಾಸೋಸ್. ನಿಮಗೂ ಗೊತ್ತು." ಬಾಗಿಲ ಕಡೆ ತಿರುಗಿದಳು. "ಅವರೇ ಅಲ್ವಾ? ಕೇಳಿ. ಮಗಳು ಬೇಡ, ನೀವೇ ಕೇಳಿ ಹೇಳಿ."

ಪ್ರೊಫೆಸರ್ ಎದ್ದು ನಿಂತರು. "ಯಜಮಾನ್ರೇ," ಎಂದರು ಗ್ರೀಕಿನಲ್ಲಿ. "ಇವರು ಕೇಳ್ತಿದ್ದಾರೆ. ಆಗೆಲ್ಲ ನಿಮ್ಮ ಪೇಟೆ ಬಾಗಿಲು ಎಷ್ಟು ಗಂಟೆಗೆ ಮುಚ್ತಿತ್ತು?"

ಅಪ್ಪನೂ ಎದ್ದು ನಿಂತ. ಮೇಜಿನ ಆ ಕಡೆಯ ಮೂರು ಮುಖ ನೋಡಿದ. ಮಗಳ ಮುಖ ನೋಡಿದ. ಸ್ಮಾರೋ ಅವನಿಗೆ ಧೈರ್ಯ ತುಂಬಲೆಂದು ತಲೆಯಾಡಿಸಿದಳು. ಹೇಳಪ್ಪ, ಒಂದು ಅಂಕಿ ತಪ್ಪದವನು ನೀನು.

"ಐದಕ್ಕೆ," ಎಂದ ಅಪ್ಪ.

ಅವಳಿಗೆ ಸರಿಯಾಗಿ ಕೇಳಿಸಿತು.

"ಯಾವಾಗ್ಲೂ ಐದಕ್ಕೇ ಸ್ವಾಮಿ. ಬೆಳಗ್ಗೆ ಏನೋ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ವಯಸ್ಸಾಯ್ತು, ತಲೆ ನಿಲ್ಲಲ್ಲ. ಮೊನ್ನೆ ಉಂಡಿದ್ದೇ ನೆನಪಿರಲ್ಲ, ಆಗಿನ ಗಂಟೆ ಎಲ್ಲಿ ನೆನಪಿರುತ್ತೆ? ಪಟ್ಟಿ ಬರೆಯೋವಾಗ್ಲೂ ಎಷ್ಟೋ ತಪ್ಪು ಮಾಡ್ತಿದ್ದೆ, ಬೇರೆಯೋರು ತಿದ್ತಿದ್ರು. ಮಗು ನನ್ನ ಮಾತು ನಂಬಿ ಕೆಟ್ಟಳು. ಅವಳದೇನೂ ತಪ್ಪಿಲ್ಲ. ಆ ಗೆರೆ ಸರಿಯಾಗಿದೆ ಅಂತ ಹೇಳಿ ಅವರಿಗೆ. ದಯವಿಟ್ಟು ಹೇಳಿ."

ಬೆಳಗ್ಗೆ ಅದೇ ಮನುಷ್ಯ ಒಂದು ಅಂಕಿ ತಪ್ಪಿಲ್ಲ ಎಂದು ಗುಡುಗಿದ್ದ. ಸ್ಮಾರೋ ಬಾಯಿ ತೆರೆದು 'ಇದು ಸುಳ್ಳು' ಎಂದರೆ ಪರದೇಶದವರ ಮುಂದೆ ಅಪ್ಪನ ಮಾನ ತೆಗೆದ ಹಾಗೆ. ತೆರೆಯದಿದ್ದರೆ ತಾನು ಎಂಟು ನಿಮಿಷ ಆಡಿದ್ದೆಲ್ಲ ಮಣ್ಣು. ಪ್ರೊಫೆಸರ್ ಕಡೆ ನೋಡಿದಳು. ಮುದುಕನ ಮಾತನ್ನು ಇದ್ದ ಹಾಗೆ ದಾಟಿಸಿದರೆ ಸಾಕಿತ್ತು. ಒಂದಕ್ಷರವನ್ನೂ ಅವರು ಕಟ್ಟಿ ಹೇಳಬೇಕಾಗಿರಲಿಲ್ಲ. ಆರು ಮನೆ, ಇಪ್ಪತ್ತು ವರ್ಷ, ಹದಿನಾಲ್ಕು ಊರಿನ ಚಪ್ಪಾಳೆ, ಎಲ್ಲವೂ ಕೈಗೆ ಬಂದು ಕೂತಿತ್ತು.

ಪ್ರೊಫೆಸರ್ ಅಪ್ಪನನ್ನು ನೋಡುತ್ತ ನಿಂತರು. ಫಾಸನ್ ಕತ್ತು ಓರೆ ಮಾಡಿದಳು.

"ಏನಂತಾರೆ?"

"ಒಂದೂವರೆಗೆ ಅಂತಾರೆ," ಎಂದರು ಪ್ರೊಫೆಸರ್ ಇಂಗ್ಲಿಷಿನಲ್ಲಿ. ದನಿ ಒರಟಾಗಿತ್ತು. "ಆಮೇಲೆ ಎರಡೂವರೆ, ಆಮೇಲೆ ನಾಲ್ಕು. ಮೂವತ್ತೊಂದು ವರ್ಷ ಅಲ್ಲೇ ಇದ್ದೋರು. ನಾನು ಇವರನ್ನ ನಂಬ್ತೀನಿ."

ಫಾಸನ್ ಬರೆದುಕೊಂಡಳು. ಬರೆದು, ಪೆನ್ನಿನ ಮುಚ್ಚಳ ಹಾಕಿದಳು. "ಬೇಜಾರಾಗುತ್ತೆ ಥ್ರಾಸೋಸ್," ಎಂದಳು. ಅದು ಬರಿಯ ಉಪಚಾರದ ಮಾತಾಗಿರಲಿಲ್ಲ. ಮೂವರೂ ಕಡತ ಎತ್ತಿಕೊಂಡು ಹೊರಗೆ ಹೋದರು. ಹೋಗುವಾಗ ಒಬ್ಬೊಬ್ಬರೂ ಅಪ್ಪನಿಗೆ ತಲೆಬಾಗಿಸಿದರು. ಅಪ್ಪನೂ ತಲೆಬಾಗಿಸಿದ.

ಬಾಗಿಲು ಮುಚ್ಚಿಕೊಂಡ ಮೇಲೆ ಅಪ್ಪ ನೇರ ಪ್ರೊಫೆಸರ್ ಹತ್ತಿರ ಬಂದು ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣಲ್ಲಿ ನೀರಿತ್ತು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ನನ್ನ ಮಗಳ ಕೆಲಸ ಉಳಿಸಿದ್ರಿ. ಕೇಳಿದ ಕೂಡ್ಲೇ ಆ ಯಮ್ಮ ಬರೆದುಕೊಂಡಿದ್ದು ನಾನೇ ನೋಡ್ದೆ."

ಪ್ರೊಫೆಸರ್ ಕೈ ಬಿಡಿಸಿಕೊಳ್ಳಲಿಲ್ಲ. ಅಪ್ಪನ ಭುಜದ ಮೇಲಿನಿಂದ ಸ್ಮಾರೋ ಕಡೆ ನೋಡಿದರು. ಅವಳು ಹೇಳಬೇಡಿ ಎನ್ನುವಂತೆ ಸಣ್ಣಗೆ ತಲೆ ಅಲ್ಲಾಡಿಸಿದಳು.

ಅಪ್ಪ ಅವಳ ಹತ್ತಿರ ಬಂದು ಪಿಸುಗುಟ್ಟಿದ. "ಬೇಜಾರು ಮಾಡ್ಕೋಬೇಡ ಕಣೇ. ನಂಗೆ ಮರೆವು ಅಂತ ಅಂದ್ಕೊಳ್ಳಲಿ ಬಿಡು, ಏನೀಗ? ಉಳೀತು ತಾನೇ?"

"ಉಳೀತಪ್ಪ," ಎಂದಳು ಸ್ಮಾರೋ. ಆ ದಿನ ಅವಳು ಆಡಿದ ಸುಳ್ಳು ಅದೊಂದೇ.